ಎರಡು ಯೂನಿಟ್

ಹಗಲೆಲ್ಲ ಮಹಾಲಿಂಗಪುರದ ಪ್ಯಾಟ್ಯಾಗ
ಬೆಲ್ಲದ ಪೆಂಟಿ ತೂಗತೀನಿ;
ಅರ್ಧ ಕಿಲೋ ಹೆಚ್ಚುಕಡಿಮಿ ಆದರ
ಅದು ನೊಣದ ಪಾಲು.
ಮನಿಗೆ ಬಂದರ ಎರಡೇ ಎರಡು ಯೂನಿಟ್,
ಕೂದಲೆಳಿಯಷ್ಟೂ ಆಚೀಚೆ ಆಗಂಗಿಲ್ಲ.

ಬೆಕ್ಕು ಐದು. ಸಕ್ಕರಿ ಬ್ಯಾನಿ ಬಂದದ್ದು ಬೂದ್ಯಾಗ.
ಅವನ ಬೆನ್ನಿಗೆ ಹುಟ್ಟಿದ ಲಚ್ಚ್ಯಾ ಥೇಟ್ ಅವನಂಗ:
ಕರೆಂಟ್ ಹೋದಾಗ ಕಿವಿ ಮುಟ್ಟಿ ನೋಡಬೇಕು,
ಹರಿದ ಕಿವಿ ಬೂದ್ಯಾಂದು.
ಮೊದಲು ಉಣಸ್ರಿ, ಆಮ್ಯಾಲ ಸೂಜಿ, ಅಂದಾರ ಡಾಕ್ಟ್ರು.
ಉಣ್ಣೂ ಹೊತ್ತಿಗೆ ಉಳಿದ ನಾಲ್ಕಕ್ಕೂ
ಅವನ ತಾಟೇ ಬೇಕು.
ಬಚ್ಚಲಕ್ಕ ಹಾಕಿ ಅಗಳಿ ಜಡದರ
ಗಂಗಿ ಜಂತಿ ಮ್ಯಾಲಿಂದ ಇಳೀತಾಳ.

ಆವತ್ತು ನಾ ಚುಚ್ಚಿ ಸಂತಿಗೆ ಹೋಗಿದ್ದೆ.
ತಮ್ಮ ಮರತಾನಂತ
ಅಕ್ಕ ಸುಗಲವ್ವ ಮತ್ತ ಚುಚ್ಚಿದಳು.
ಬಂದು ನೋಡಿದರ ಬೂದ್ಯಾ
ಕುಡದವರಂಗ ಓಲಾಡಿ ಗ್ವಾಡಿಗೆ ಆತು.
ಡಾಕ್ಟ್ರ ಫೋನಿನ್ಯಾಗ ಹೇಳಿಧಂಗ
ಅಂಗಿ ಕಿಸೆದಾಗಿನ ಬೆಲ್ಲದ ಚೂರು ನೀರಾಗ ಕರಗಿಸಿ
ಒಸಡಿಗೆ ಸವರಿದೆ. ಮತ್ತ ಸವರಿದೆ.
ಅಕ್ಕ ಉಣಲಿಲ್ಲ, ಅಳಲೂ ಇಲ್ಲ,
ಖಾಲಿ ಸಿರಿಂಜ್ ಹಿಡಕೊಂಡು ಕುಂತಿದ್ದಳು.
ನಸಿಕಿನ್ಯಾಗ ಅವ ನನ್ನ ಬಟ್ಟು ಕಚ್ಚಿದ.
ಅಷ್ಟು ಸಾಕಾತು.

ಈಗ ಬಾಗಿಲ ಹಿಂದ ಸುಣ್ಣದ ಗೆರಿ:
ಅಡ್ಡಂದು ನಂದು, ಉದ್ದಂದು ಅಕ್ಕಂದು.
ಗೆರಿ ನಂಬಿಕಿ ಇರಲಿಲ್ಲಂದರ
ಆ ಹೊತ್ತು ಬಿಟ್ಟಬಿಡೂದು.
ಒಂದು ಹೊತ್ತು ತಪ್ಪಿದರ ತಡೀತಾನ,
ಅನುಮಾನದ ಕೈಗೆ ಸೂಜಿ ಕೊಡಬಾರದು.

ನಿನ್ನೆ ಲಚ್ಚ್ಯಾ ಬೆನ್ನು ತಿಕ್ಕಿ
ಗೆರಿ ಅರ್ಧ ಒರಸಿದ್ದ.
ಅಡ್ಡಂದೋ? ಉದ್ದಂದೋ?
ಅಕ್ಕನ ಮಾರಿ ನಾ ನೋಡಿದೆ, ನನ್ನ ಮಾರಿ ಅಕ್ಕ.
ಸೂಜಿ ಒಳಗಿಟ್ವಿ.