ಒಂಬತ್ತೇ

ನೋಡುವ ಮೊದಲು ಕೇಳಬೇಕು, ಅನ್ನುತ್ತಾಳೆ
ಇನಿ ಸೆನಾಬಂಗ್, ನನ್ನ ತಾಯಿಯ ತಾಯಿ.
ಮೊರದಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ
ಮರಗಳ ನೆತ್ತಿಯ ಮೇಲೆ ಸದ್ದು:
ಅದು ಕೆನ್ಯಾಲಂಗ್, ಕೊಂಬಿನ ಮಂಗಟ್ಟೆ.
ಎರಡು ಮೊರದ ಸದ್ದಾದರೆ ಜೋಡಿ.
ಒಂದೇ ಆದರೆ, ದಿನವೂ ಒಂದೇ ಆದರೆ,
ಕೋವಿ ಕೆಳಗಿಡು.
ಹೆಣ್ಣು ಎಲ್ಲೋ ಪೊಟರೆಯೊಳಗೆ ಕೂತಿದೆ,
ಮಣ್ಣು, ಹಿಕ್ಕೆ, ಹಣ್ಣಿನ ಸಿಪ್ಪೆ ಕಲಸಿ
ತನ್ನ ಬಾಗಿಲನ್ನು ತಾನೇ ಮೆತ್ತಿಕೊಂಡು,
ಕೊಕ್ಕಿನ ತುದಿಯಷ್ಟೇ ಸೀಳು ಬಿಟ್ಟು.

ಇಷ್ಟು ಎಂಗ್ಕಾರಿ ಹೊಳೆಯ ಮಕ್ಕಳಿಗೆಲ್ಲ ಗೊತ್ತು.
ಅಜ್ಜ ಉಂಚಾಟನಿಗೂ ಗೊತ್ತಿತ್ತು.

ಆದರೂ ಹೊಡೆದ.
ಕುಣಿತದ ಕಿರೀಟಕ್ಕೆ ಗರಿ ಬೇಕಿತ್ತು ಅಂತ ಒಮ್ಮೆ,
ಮಂಜಿತ್ತು, ಕಾಣಲಿಲ್ಲ ಅಂತ ಇನ್ನೊಮ್ಮೆ,
ಕುಡಿದಾಗ ಮಾತ್ರ: ಸುಮ್ಮನೆ, ಕೈ ಎದ್ದಿತು.
ಕೆತುಪೊಂಗ್ ಅಂದು ದಾರಿ ತಡೆಯಲಿಲ್ಲ.
ಶಕುನ ಹೇಳುವ ಹಕ್ಕಿಗಳು ಏಳು,
ಮಂಗಟ್ಟೆ ಆ ಏಳರೊಳಗಿಲ್ಲ.
ತನ್ನ ಸಾವನ್ನೂ ಅದು ಮುಂದಾಗಿ ಹೇಳದು.

ಕೆಂಗಣ್ಣಿನ ಹಕ್ಕಿ. ಗಂಡು.
ಒಲೆಯ ಪಕ್ಕ ಇನಿ ಅದರ ಕತ್ತು ಸೀಳಿದಾಗ
ಚಾಪೆಯ ಮೇಲೆ ಉರುಳಿದವು ಕಾಡತ್ತಿಯ ಹಣ್ಣು.
ಒಂದೂ ಒಡೆದಿರಲಿಲ್ಲ.
ತನಗಾಗಿ ನುಂಗಿದ್ದಲ್ಲ, ಹೊತ್ತೊಯ್ಯುತ್ತಿದ್ದದ್ದು.
ಹನ್ನೊಂದಿದ್ದವು, ಅನ್ನುತ್ತಿದ್ದ ಅಜ್ಜ.

ಆಗ ಅವಳಿಗೆ ಏಳು ತಿಂಗಳು, ಹೊಟ್ಟೆಯಲ್ಲಿ ನನ್ನ ಅಮ್ಮ.
ಬಸುರಿಯ ಗಂಡ ಗಂಟು ಬಿಗಿಯಬಾರದು,
ಗೂಟ ಬಡಿಯಬಾರದು, ತೂತು ಮುಚ್ಚಬಾರದು,
ಹೆರಿಗೆಯ ದಾರಿ ಕಟ್ಟೀತು.
ಅಷ್ಟೆತ್ತರದ ಮರ ಹತ್ತಲು
ಬಿದಿರ ಗೂಟ ಬಡಿಯಲೇಬೇಕು,
ಬೆತ್ತ ಬಿಗಿಯಲೇಬೇಕು.
ಅವನು ಏಣಿಯ ಕೊನೆಯ ಮೆಟ್ಟಿಲಲ್ಲಿ ಕೂತೇ ಇದ್ದ.
"ಹೋಗಿ ಬಡಿ ಅಂದೆ," ಅನ್ನುತ್ತಾಳೆ ಇನಿ.
"ಇದರ ದಾರಿ ನಾನು ನೋಡಿಕೊಳ್ಳುತ್ತೇನೆ,
ಅದರದ್ದು ನೀನು ನೋಡು."

ಬೀಳುವಾಗ ಹಕ್ಕಿ ಮುಖ ಮಾಡಿದ್ದ ದಿಕ್ಕಿಗೆ
ಎರಡು ದಿನ ನಡೆದ.
ಹತ್ತು ಜಾತಿಯ ಸಸಿ ಒಂದೇ ಕಡೆ ಒತ್ತೊತ್ತಾಗಿ ಮೊಳೆತಿದ್ದರೆ
ತಲೆಯೆತ್ತಬೇಕು,
ಅವೆಲ್ಲ ಮೇಲಿನಿಂದ ಉಗುಳಿದ ಬೀಜ.
ತಲೆಯೆತ್ತಿದ. ಪೊಟರೆ ಇತ್ತು.

ಮೂರು ದಿನ ಕೊಟ್ಟ ಹಣ್ಣೆಲ್ಲ ಸೀಳಿನಿಂದ ವಾಪಸ್ಸು ಬಂತು,
ಒಂದು ಅವನ ಹಣೆಗೇ ಬಡಿಯಿತಂತೆ.
ನಾಲ್ಕನೆಯ ದಿನ ಹಲ್ಲಿ ಹಿಡಿದೊಯ್ದ.
ಕೊಕ್ಕು ಹೊರಬಂತು, ತೆಗೆದುಕೊಂಡಿತು.
ಗುಡ್ಡದ ಭತ್ತದಲ್ಲಿ ಕಳೆ ಎದೆಯುದ್ದ ಬೆಳೆಯಿತು.
ಉದ್ದಮನೆಯ ಜಗಲಿಯುದ್ದಕ್ಕೂ ನಗೆ:
ಉಂಚಾಟ್ ಚಿಕ್ಕ ಹೆಂಡತಿಗೆ ಊಟ ಹೊರುತ್ತಾನೆ!

ಅಮ್ಮ ಹುಟ್ಟಿದ್ದು ಅವನು ಮರದ ಮೇಲಿದ್ದಾಗ.
ಕಷ್ಟವಾಯಿತೇ ಅಂತ ಕೇಳಿದರೆ
ಇನಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾಳೆ.

ಆಮೇಲೊಂದು ಬೆಳಗ್ಗೆ ಗೋಡೆ ಒಡೆದಿತ್ತು.
ಬಿಳಿಗಣ್ಣಿನ ಹೆಣ್ಣು, ಮೈಯೆಲ್ಲ ಕೊಳೆ,
ಕೊಂಬೆಯ ಮೇಲೆ ಹಾರುವುದನ್ನು ಮತ್ತೆ ಕಲಿಯುತ್ತಿತ್ತು.
ಒಳಗೆ ಮರಿ, ಇನ್ನೂ ಪುಕ್ಕ ಬಲಿಯದ್ದು,
ಒಡೆದ ಗೋಡೆಯನ್ನು ಒಳಗಿನಿಂದ
ತಾನೇ ಮೆತ್ತಿಕೊಳ್ಳುತ್ತಿತ್ತು.
ಇದನ್ನು ಅದಕ್ಕೆ ಯಾರು ಕಲಿಸಿದರು?
ಅಜ್ಜ ಹಣ್ಣು ಚಾಚಿದ.
ತಾಯಿ ಎರಗಿ ಬಂದು ಅವನ ಕಿವಿ ಹರಿಯಿತು.
ಗೂಟಗಳನ್ನು ಒಂದೊಂದಾಗಿ ಕಿತ್ತುಕೊಂಡು ಇಳಿದ.

ಆ ಮರ ಈಗ ಅಣೆಕಟ್ಟಿನ ನೀರಿನಡಿ.
ನಮ್ಮ ದೋಣಿ ಅದರ ಮೇಲೆಯೇ ಹಾದುಹೋಗುತ್ತದೆ.
ಎಲ್ಲಿ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ,
ಇನಿ ಸುಮಾರಾಗಿ ಕೈ ತೋರಿಸುತ್ತಾಳೆ.

"ಕೊನೆಯವರೆಗೂ ಹನ್ನೊಂದೇ ಅಂದ.
ಕೊಯ್ದವಳು ನಾನು. ಒಂಬತ್ತೇ.
ಉಳಿದೆರಡು ಅವನು ಆಮೇಲೆ ಸೇರಿಸಿದ್ದು."

ಹಿಂದೆ ಕೂತ ಅಮ್ಮ
ಎಂಜಿನ್ನಿನ ಹಿಡಿ ತಿರುವುತ್ತಾಳೆ.
ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ.