ಹೊರಗಿನವರಿಗೆ

ಬೇಳದ ಇಗರ್ಜಿಯ ಹಿಂದೆ, ಮುರಕಲ್ಲಿನ ಕೋಣೆಯಲ್ಲಿ
ಭಾನುವಾರ ಪೂಜೆ ಬಿಟ್ಟ ಮೇಲೆ
ನನಗೆ ಹನ್ನೊಂದು ಮಕ್ಕಳು, ಒಂದು ಬೋರ್ಡು,
ತುಂಡು ಮೂರು ಸೀಮೆಸುಣ್ಣ.
ಮನೆಯಲ್ಲಿ ಅವರಿಗೆ ಕೊಂಕಣಿ, ಶಾಲೆಯಲ್ಲಿ ಮಲೆಯಾಳ,
ಆಟಕ್ಕೆ ತುಳು.
ಕನ್ನಡ ನನ್ನ ಕೈಯ ಪುಸ್ತಕಕ್ಕೆ ಮಾತ್ರ.
ನಾನು ಓದುತ್ತೇನೆ. ಅವರು ತಲೆಯಾಡಿಸುತ್ತಾರೆ,
ಕೇಳಿಯೂ ಕೇಳದ ಹಾಗೆ.
ಅದನ್ನೂ ಅವನೇ ಹೇಳಿದ್ದಾನಲ್ಲ:
ಒಳಗಿನವರಿಗೆ ಗುಟ್ಟು,
ಹೊರಗಿನವರಿಗೆ ಬರೀ ಸಾಮತಿ.

ಇವತ್ತು ಬಿತ್ತುವವನ ಪಾಠ.
ದಾರಿಗೆ ಬಿದ್ದ ಬೀಜವನ್ನು ಹಕ್ಕಿ ತಿಂದವು.
'ಹಕ್ಕಿ ಅಂದರೆ ಯಾರು?'
'ಸೈತಾನ,' ಎಂದಳು ಮೊದಲ ಬೆಂಚಿನ ಪ್ರೆಸಿಲ್ಲಾ ಕುವೆಲ್ಲೊ,
ಬಾಯಿಪಾಠದಲ್ಲಿ ಸ್ಟೀಲಿನ ಲೋಟ ಗೆದ್ದವಳು.
ಬೋರ್ಡಿಗೆ ಬರೆದೆ: ಹಕ್ಕಿ = ಸೈತಾನ.
ಮುಳ್ಳು, ಬಂಡೆ, ಒಳ್ಳೆಯ ಮಣ್ಣು,
ಎಲ್ಲಕ್ಕೂ ಒಂದೊಂದು ಜೋಡಿ;
ಹೊಂದಿಸಿ ಬರೆದರೆ ಪೂರ್ತಿ ಅಂಕ.

ಪುಟ ಮಗುಚಿದರೆ ಸಾಸಿವೆ ಕಾಳು.
ಸಾಸಿವೆಯ ಗಿಡ ಕಂಡವರು ನಮ್ಮಲ್ಲಿ ಯಾರೂ ಇಲ್ಲ.
ನಮಗದು ಸೀತಾಂಗೋಳಿಯ ಅಂಗಡಿಯ ಪೊಟ್ಟಣ,
ಕಾದ ಎಣ್ಣೆಯಲ್ಲಿ ಸಿಡಿಯುವುದೊಂದೇ ಪವಾಡ.
ಆದರೂ ಓದಿದೆ: ಬೆಳೆಯಿತು, ದೊಡ್ಡದಾಯಿತು,
ಆಕಾಶದ ಹಕ್ಕಿ ಬಂದು ಅದರ ನೆರಳಿನಲ್ಲಿ...

ಕಿಟಕಿಯಾಚೆ ನಗು.

ಮಾಂಕು. ಮೊಂತಿ ಹಬ್ಬಕ್ಕೆ ಗೋರಿಗಳ ನಡುವಿನ
ಹುಲ್ಲು ಕೆರೆಯುತ್ತಿದ್ದಳು,
ಭಾನುವಾರವೂ ಬಿಡುವಿಲ್ಲದವಳು.
'ಟೀಚರೇ,' ತುಳುವಿನಲ್ಲಿ ಕೇಳಿದಳು,
'ಆ ಹಕ್ಕಿ, ಈ ಹಕ್ಕಿ ಒಂದೆಯಾ?
ಆಗ ಬೀಜ ತಿಂದದ್ದು, ಈಗ ಗೂಡಿಗೆ ಬಂದದ್ದು?
ಗದ್ದೆಗೆ ಹಕ್ಕಿ ಇಳಿದರೆ ನಾವು ಡಬ್ಬ ಬಡಿಯುತ್ತೇವೆ,
ನಿಮ್ಮವ ಕರೆದು ಕೂರಿಸುತ್ತಾನಲ್ಲ!
ಬಿತ್ತಲಿಕ್ಕೂ ಬರುವುದಿಲ್ಲ ಅವನಿಗೆ, ದಾರಿಗೆಲ್ಲ ಚೆಲ್ಲಿದ್ದಾನೆ.
ನಮ್ಮ ಧಣಿಯಾದರೆ ಅರ್ಧ ಕೂಲಿಯೂ ಹುಟ್ಟುತ್ತಿರಲಿಲ್ಲ.'

ಹನ್ನೊಂದೂ ಬಾಯಿ ಒಟ್ಟಿಗೆ ನಕ್ಕವು.
ಎರಡು ವರ್ಷದಲ್ಲಿ ಮೊದಲ ಸಲ
ಕಿವಿ ತೆರೆದ ಸದ್ದು ಕೇಳಿದೆ.

ಹಿಂದಿನ ಬೆಂಚಿನಿಂದ ಆಲ್ಡನ್, ಸದಾ ನಿದ್ದೆಗಣ್ಣಿನವ,
ಹಬ್ಬದ ಹೂಬುಟ್ಟಿ ಎತ್ತಿ ಹಿಡಿದ.
ತುಂಬ ನೀಲಿ, ಉಗುರಿನಷ್ಟು ಉಗುರಿನಷ್ಟು.
'ಬಂಡೆಗೆ ಬಿದ್ದದ್ದು ಒಣಗಿತು ಅಂದಿರಿ.
ಇದು ಪಾದೆಯದ್ದೇ ಟೀಚರ್. ಅಲ್ಲಿ ಮಣ್ಣೇ ಇಲ್ಲ.'
'ಹೆಸರೇನು?'
'ಕಾಕ್ಕಪ್ಪೂ.'
ಕಾಗೆಹೂವು.
ಹಕ್ಕಿ ಇಲ್ಲಿಗೂ ಬಂತು.

ಒರೆಸುವ ಬಟ್ಟೆ ಹಿಡಿದು ಬೋರ್ಡಿನೆದುರು ನಿಂತೆ.
ಏನು ಅಳಿಸಲಿ, ಏನು ಬಿಡಲಿ?
ಕೊನೆಗೆ ಬೆರಳಿನಿಂದ
ನಡುವಿನ ಆ ಎರಡು ಗೀಟು ಮಾತ್ರ ಉಜ್ಜಿದೆ.
ಹಕ್ಕಿ ಉಳಿಯಿತು, ಸೈತಾನ ಉಳಿದ,
ನಡುವೆ ಒಂದಿಷ್ಟು ಬಿಳಿ ಧೂಳು.

ಕ್ರಾಸ್ತರ ಗೋರಿಯ ಹತ್ತಿರದಿಂದ ಮತ್ತೆ ಮಾಂಕು,
ಬುಡ ಹಿಡಿದು ಬಗ್ಗಿದವಳು ಹಾಗೇ ಕೂಗಿದಳು:
'ಇದು ಕಳೆಯಾ ಟೀಚರೇ, ನೀವು ನೆಟ್ಟದ್ದಾ?
ಕೀಳುವುದಾ, ಇರಲಿಯಾ?'

ಅದು ಮುಂದಿನ ವಾರದ ಪಾಠ.
ನಾನಿನ್ನೂ ಓದಿಕೊಂಡಿಲ್ಲ.