ಕೈ ಎತ್ತಿದವರು

ಡೈರಿ ಜಗಲಿಯಲ್ಲಿ ಸೆಕ್ರೆಟರಿ ಕೇಳಿದ:
"ದೇವೀರಮ್ಮನ ಹಾಲು ನಾಳೆಯಿಂದ ಬ್ಯಾಡ ಅನ್ನೋರು ಕೈ ಎತ್ತಿ."
ಅವಳು ಮಾಡಿದ್ದಿಷ್ಟೆ:
ಊರಿನ ಎಲ್ಲ ಹಸುಗಳಿಗೂ ದಿನಾ
ಒಂದೇ ಫ್ಯಾಟು ಹೆಂಗೆ ಬತ್ತದೆ ಅಂತ ಕೇಳಿದ್ದು.

ಮೊದಲು ಎತ್ತಿದ್ದು ಸೆಕ್ರೆಟರಿಯ ಭಾವಮೈದ.
ನಾನು ತಮ್ಮಡಪ್ಪನ ಮುಖ ನೋಡಿದೆ,
ಅವನು ನನ್ನದು.
ಅಷ್ಟರಲ್ಲಿ ತೋಳು ತಾನೇ ಎದ್ದಿತ್ತು.
ಎಷ್ಟು ಹಗುರ, ಎಲ್ಲರ ಜೊತೆ ಏಳುವ ಕೈ!

ರಾತ್ರಿ ಬಂದ, ಬೀಡಿ ಆರಿಸಿ, ಪಿಸುದನಿಯಲ್ಲಿ:
"ನಂಗೆ ಮನಸಿರಲಿಲ್ಲ ಕಣೋ.
ನೀನು ಎತ್ತಿದೆಯಲ್ಲ, ಅದಕ್ಕೆ."
ಮಾರನೆ ದಿನ ಅಯ್ಯನಕೆರೆ ಏರಿ ಮೇಲೆ ಮರುಳಪ್ಪ.
ಹಿಟ್ಟಿನ ಗಿರಣಿಯ ಸದ್ದಿನ ಮರೆಯಲ್ಲಿ ಚನ್ನಬಸಮ್ಮ.
ವಾರದೊಳಗೆ ಹನ್ನೊಂದು ಜನ,
ಒಬ್ಬೊಬ್ಬರೂ ಒಬ್ಬೊಬ್ಬರೇ ಇದ್ದಾಗ.

ಎದ್ದದ್ದು ಹದಿಮೂರು ಕೈ.
ನನ್ನದು ಕಳೆದರೆ ಉಳಿಯುವುದು ಭಾವಮೈದನದೊಂದು.
ನಿನ್ನೆ ಮುಸ್ಸಂಜೆ ಅವನೂ
ನನ್ನ ಬಾಗಿಲ ಹತ್ತಿರ ಗಾಡಿ ನಿಧಾನ ಮಾಡಿದ.
ಏನೋ ಅನ್ನುವವನಂತೆ ಕೆಮ್ಮಿ
ಹೋದ.

ಬೆಳಗಿನ ಐದೂವರೆ. ದೇವೀರಮ್ಮ
ಸಖರಾಯಪಟ್ಟಣದ ಹೋಟೆಲಿಗೆ ಹಾಲು ಹೊತ್ತು
ನಮ್ಮ ಸಾಲಿನ ಮುಂದೆಯೇ ನಡೆಯುತ್ತಾಳೆ,
ಬೇಕೆಂದೇ ಈ ದಾರಿ ಹಿಡಿದು.
ನಾವು ಬಗ್ಗಿ
ಕ್ಯಾನಿನ ಮುಚ್ಚಳ ಸರಿ ಮಾಡುತ್ತೇವೆ,
ಸರಿಯಾಗೇ ಇರುವ ಮುಚ್ಚಳ.